ತಲೆಕೆಳಗಾದ ಆರು

ಮೂರನೇ ಮಹಡಿಯ ಬಿಂದುಮಾಧವರಾಯರು ಭೂತಗನ್ನಡಿಗೊಂದು ಸ್ಟ್ಯಾಂಡು ಬೇಕೆಂದು ಕೇಳಿಕೊಂಡು ಕೆಳಗಿಳಿದು ಬಂದಾಗ, ನೆಲಮಹಡಿಯ ಮನ್ಮಥಪ್ಪ ಮೊದಲು ನೋಡಿದ್ದು ಅವರ ಬೆರಳುಗಳನ್ನು. ಬೆಣ್ಣೆಯಂಥ ಬೆರಳುಗಳು. ಉಗುರಿನ ಸಂದಿಯಲ್ಲಿ ಒಂದು ಕಪ್ಪು ಗೆರೆಯಿಲ್ಲ, ಗೆಣ್ಣಿನ ಮೇಲೆ ಒಂದು ಗಾಯದ ಕಲೆಯಿಲ್ಲ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕೂತು ಸಹಿ ಹಾಕಿದ ಕೈ. ಅಂಥ ಕೈಯವರ ಬಗ್ಗೆ ಮನ್ಮಥಪ್ಪನಿಗೆ ಏನನ್ನಿಸುತ್ತದೆ ಎಂಬುದು ಅವನ ಹೆಂಡತಿ ಸುಶೀಲಾಬಾಯಿಗೆ ಬಾಯಿಪಾಠವಾಗಿತ್ತು. ಅವಳು ಒಳಗಿನಿಂದಲೇ, ರಾಯರು ಹೋಗುವ ತನಕ ಸುಮ್ಮನಿರಿ ಎಂಬಂತೆ ಒಮ್ಮೆ ಕೆಮ್ಮಿದಳು.

ಭಾಲ್ಕಿ ಕಡೆಯವನಾದ ಮನ್ಮಥಪ್ಪ ಬೀದರಿನಲ್ಲಿ ಐಟಿಐ ಮುಗಿಸಿ ಇಪ್ಪತ್ತೊಂದನೇ ವಯಸ್ಸಿಗೆ ನಾಸಿಕಕ್ಕೆ ಬಂದವನು. ಅಲ್ಲಿನ ಸಾತಪುರದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತೇಳು ವರ್ಷ ಡೈ ಮಾಡಿದ. ಡೈ ಎಂದರೆ ಉಕ್ಕಿನ ಅಚ್ಚು. ಅದರ ಕೆಳಗೆ ತಗಡಿಟ್ಟು ಒತ್ತಿದರೆ ಒಂದೇ ಅಳತೆಯ ಸಾವಿರಾರು ಭಾಗಗಳು ಬೀಳುತ್ತವೆ. ಅಚ್ಚು ಕೂದಲೆಳೆಯಷ್ಟು ಓರೆಯಾದರೂ ಆ ಸಾವಿರಾರು ಭಾಗಗಳೂ ಓರೆ. ತನ್ನ ಅಚ್ಚುಗಳು ಎಂದೂ ಓರೆಯಾಗಿಲ್ಲ ಎಂಬುದೇ ಅವನ ಬದುಕಿನ ಬಂಡವಾಳ. ಅದರ ಬಲದ ಮೇಲೆ ಅವನು ಊರನ್ನೆಲ್ಲ ಕೀಳಾಗಿ ನೋಡುತ್ತಿದ್ದ. ಕಂಪ್ಯೂಟರ್ ಮೆಶೀನಿನ ಮುಂದೆ ನಿಂತ ಹೊಸಬರು ಅವನ ಪಾಲಿಗೆ ಗುಂಡಿ ಒತ್ತುವವರು. ನಲ್ಲಿಯ ವಾಷರು ಬದಲಿಸಲು ಆಳು ಕರೆಸುವ ಅಪಾರ್ಟ್‌ಮೆಂಟ್ ಸೊಸಾಯಿಟಿಯವರು ಉಣ್ಣಲಿಕ್ಕೂ ಆಳು ಕರೆಸಬೇಕಾದವರು. ಪಿಂಪಳಗಾಂವ್ ಬಸವಂತ್‌ನಲ್ಲಿ ಈರುಳ್ಳಿ ವ್ಯಾಪಾರ ಮಾಡಿ ಎರಡು ಮನೆ ಕಟ್ಟಿದ ಹೆಂಡತಿಯ ತಮ್ಮ ಶರಣಬಸವನನ್ನಂತೂ ಮನುಷ್ಯರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ.

ಸ್ಟ್ಯಾಂಡು ಎರಡು ದಿನದಲ್ಲಿ ತಯಾರಾಯಿತು. ಅದನ್ನು ಕೊಡಲು ಮೇಲೆ ಹೋದಾಗ ರಾಯರ ಮೇಜಿನ ಮೇಲೆ ನೀಲಿ ಮಖಮಲ್ಲು ಹಾಸಿದ ತಟ್ಟೆಯಿತ್ತು. ಅದರಲ್ಲಿ ಇಪ್ಪತ್ತೆರಡು ಬೆಳ್ಳಿ ನಾಣ್ಯಗಳು. ಎಲ್ಲವೂ ಅಮೆರಿಕದವು, ಅರ್ಧ ಡಾಲರಿನವು, ಇನ್ನೂರು ವರ್ಷ ಹಳೆಯವು. ಮುಂಬಯಿಯಲ್ಲಿ ಕೆಲಸದ ಮೇಲಿದ್ದಾಗ ಯಾವುದೋ ಹಳೆಯ ಮನೆಯವರು ಕಪಾಟು ಖಾಲಿ ಮಾಡುವಾಗ ಕೊಂಡದ್ದಂತೆ. ಒಂದೊಂದರ ಮೇಲೂ ಕೂದಲು ಬಿಟ್ಟ ಹೆಣ್ಣಿನ ಮುಖ, ಸುತ್ತ ನಕ್ಷತ್ರಗಳು, ಕೆಳಗೆ ಇಸವಿ, ಹಿಂದೆ ಹದ್ದು. ರಾಯರು ಗದುಗಿನ ಮೇಷ್ಟ್ರ ಮಗ. ವಿವರಿಸಲು ಕೂತರೆಂದರೆ ಪಾಠವೇ. ಆ ಕಾಲದಲ್ಲಿ ನಕ್ಷತ್ರ, ಅಕ್ಷರ, ಅಂಕಿಗಳನ್ನು ಅಚ್ಚಿನ ಮೇಲೆ ಒಂದೊಂದಾಗಿ ಕೈಯಿಂದ ಬಡಿಯುತ್ತಿದ್ದರು, ಹಾಗಾಗಿ ಒಂದೇ ಇಸವಿಯ ಎರಡು ಅಚ್ಚುಗಳೂ ಒಂದೇ ಥರ ಇರುವುದಿಲ್ಲ, ತಿಳಿದವರು ಪ್ರತಿ ಅಚ್ಚನ್ನೂ ಗುರುತಿಸಿ ನಂಬರು ಕೊಟ್ಟಿದ್ದಾರೆ, ನಾನು ಎರಡು ವರ್ಷದಿಂದ ಪುಸ್ತಕ ಹಿಡಿದು ಕೂತು ಒಂಬತ್ತನ್ನು ಮಾತ್ರ ಗುರುತಿಸಿದ್ದೇನೆ ಎಂದರು. ಕೊನೆಗೆ ಒಂದು ನಾಣ್ಯವನ್ನು ಪಕ್ಕಕ್ಕೆ ಸರಿಸಿ, ಇದು ಸೀಳಿಹೋಗಿದೆ, ಕೆಲಸಕ್ಕೆ ಬಾರದ್ದು ಎಂದು ವಿಷಾದಪಟ್ಟರು. ನಕ್ಷತ್ರದಿಂದ ಗಲ್ಲದವರೆಗೆ ಅದರ ಮೇಲೊಂದು ಸಣ್ಣ ಗೆರೆ ಓಡಿತ್ತು.

ಮನ್ಮಥಪ್ಪ ನಾಣ್ಯವನ್ನು ಬೆಳಕಿಗೆ ಓರೆಯಾಗಿ ಹಿಡಿದ. “ರಾಯರೆ, ಆ ಗೆರಿ ಮ್ಯಾಲ ಉಗುರು ಆಡಿಸ್ರಿ. ತಗ್ಗಿಗೆ ಅದನೋ, ಉಬ್ಬ್ಯದನೋ?”

ರಾಯರು ಉಗುರಾಡಿಸಿ, ಉಬ್ಬಿದೆ ಎಂದರು.

“ನಾಣ್ಯ ಸೀಳಿದ್ರ ತಗ್ಗು ಬೀಳ್ತದ. ಉಬ್ಬ್ಯದ ಅಂದ್ರ ಸೀಳಿದ್ದು ಅಚ್ಚು. ಸೀಳಿದ ಸಂದ್ಯಾಗ ಬೆಳ್ಳಿ ಹೊಕ್ಕದ, ಅಷ್ಟೇ.”

ಅದಾದ ಒಂದು ಗಂಟೆಯೊಳಗೆ ಅವನು ತಟ್ಟೆಯ ನಾಣ್ಯಗಳನ್ನು ಜೋಡಿ ಜೋಡಿಯಾಗಿ ಇಟ್ಟುಬಿಟ್ಟ. ಇವೆರಡೂ ಒಂದೇ ಅಚ್ಚಿನವು. ಇದರಲ್ಲಿ ಸೀಳು ಗಿಡ್ಡ, ಆದ್ದರಿಂದ ಇದು ಮೊದಲು ಬಿದ್ದದ್ದು. ಅದರಲ್ಲಿ ಉದ್ದ, ಅದು ಆಮೇಲಿನದು. ಇಸವಿಯ ಅಂಕಿಯಲ್ಲಿ ಈ ಆರರ ತುದಿ ಚೂಪು, ಆ ಆರರ ತುದಿಗೆ ಗುಂಡು. ಬಡಿದ ಪಂಚುಗಳೇ, ಅಂದರೆ ತುದಿಯಲ್ಲಿ ಅಂಕಿಯಿರುವ ಉಕ್ಕಿನ ಮೊಳೆಗಳೇ, ಬೇರೆ. ರಾಯರು ಮೂಗಿನ ಮೇಲೆ ಕನ್ನಡಕವೇರಿಸಿ ಗಬಗಬನೆ ಬರೆದುಕೊಂಡರು. ಎರಡು ವರ್ಷ ಕಣ್ಣೆದುರಿಗಿಟ್ಟುಕೊಂಡು ಕೂತ ಮನುಷ್ಯನಿಗೆ ಇಷ್ಟೂ ಕಾಣಲಿಲ್ಲವೇ ಎಂದು ಮನ್ಮಥಪ್ಪನಿಗೆ ಒಳಗೇ ನಗು ಬಂತು. ನೋಡುವುದು ಬಿಟ್ಟು ಬರೆಯುವವರ ಜಾತಿಯೇ ಇಷ್ಟು.

ಆಮೇಲೆ ನಾಲ್ಕು ತಿಂಗಳು ಪ್ರತಿ ಆದಿತ್ಯವಾರ ಅವನು ಮೇಲೆ ಹೋದ. ರಾಯರು ಫೋನಿನಲ್ಲಿ ಬೇರೆ ಬೇರೆ ಸಂಗ್ರಹಗಳ ಚಿತ್ರ ತೆಗೆದು ತೋರಿಸುವರು, ಅವನು ಅಚ್ಚು ಹೇಳುವನು. ಹೇಳುತ್ತ ಹೇಳುತ್ತ ಆ ಸತ್ತುಹೋದ ಅಮೆರಿಕದ ಕೆಲಸಗಾರರನ್ನೂ ಬಿಡುತ್ತಿರಲಿಲ್ಲ. ನಕ್ಷತ್ರ ಒಂದು ಮೇಲೆ, ಒಂದು ಕೆಳಗೆ. ಅಕ್ಷರ ಒಂದರ ಮೇಲೊಂದು ಹತ್ತಿ ಕೂತಿವೆ. ಕಾಸಿದ ಮೇಲೆ ಸರಿಯಾಗಿ ನೀರು ಕುಡಿಸದ ಉಕ್ಕು, ಆದ್ದರಿಂದಲೇ ಸೀಳು. ಸಾತಪುರದಲ್ಲಿ ಇಂಥ ಕೆಲಸ ಮಾಡಿದವನು ಎರಡನೇ ದಿನ ಗೇಟಿನ ಹೊರಗೆ ಎನ್ನುತ್ತಿದ್ದ. ರಾಯರು ಎಲ್ಲವನ್ನೂ ಕೇಳಿಕೊಂಡು ನಗುವರು, ಚಹಾ ತರಿಸುವರು. ‘ನೀವು ಬರ್ರಿ, ನೀವು ಕೂಡ್ರಿ’ ಎನ್ನುವುದನ್ನು ಒಮ್ಮೆಯೂ ತಪ್ಪಿಸಲಿಲ್ಲ. ಸಿಟ್ಟು ಬಾರದ ಆ ಮನುಷ್ಯನನ್ನು ಕಂಡರೆ ಮನ್ಮಥಪ್ಪನಿಗೆ ಮತ್ತಷ್ಟು ತಾತ್ಸಾರ. ಬಿಸಿಯೇ ಇಲ್ಲದ ಕುಲುಮೆ ಎಂದು ಕೆಳಗೆ ಬಂದು ಹೇಳುವನು. ಒಂದು ದಿನ ಸುಶೀಲಾಬಾಯಿ ರೊಟ್ಟಿ ಬಡಿಯುತ್ತ, “ಅವರ ಮನ್ಯಾಗ ಚಾ ಕುಡೀತೀರಿ, ಕೆಳಗ ಬಂದು ಅವರನ್ನೇ ಆಡಿಕೋತೀರಿ. ಎರಡರಾಗ ಒಂದು ಬಿಡ್ರಿ” ಎಂದಳು. ಅವನು ಎರಡನ್ನೂ ಬಿಡಲಿಲ್ಲ.

ಜನವರಿಯಲ್ಲಿ ಛತ್ರಪತಿ ಸಂಭಾಜಿನಗರದಲ್ಲಿ ನಾಣ್ಯ ಸಂಗ್ರಾಹಕರ ಕೂಟವಿತ್ತು. ರಾಯರದ್ದು ಅಲ್ಲಿ ಭಾಷಣ. ನೀವಿಲ್ಲದೆ ನಾನು ಹೋಗುವುದಿಲ್ಲ ಎಂದು ಪಟ್ಟುಹಿಡಿದು ಅವನನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡರು. ಸಿನ್ನರ್ ದಾಟಿ ಹೊಸ ಹೆದ್ದಾರಿ ಹತ್ತಿದರೂ ಅರವತ್ತರ ಮೇಲೆ ಮುಳ್ಳು ಏರಲಿಲ್ಲ. ಲಾರಿಗಳೆಲ್ಲ ಹಾರ್ನು ಹೊಡೆದು ಮುಂದೆ ಹೋದವು. ಮನ್ಮಥಪ್ಪ ಕಿಟಕಿಯ ಕಡೆ ಮುಖ ತಿರುಗಿಸಿ ಕೂತ.

ಕ್ರಾಂತಿ ಚೌಕದ ಹತ್ತಿರದ ಸಭಾಗೃಹದಲ್ಲಿ ನೂರಕ್ಕೂ ಹೆಚ್ಚು ಜನರಿದ್ದರು. ಕುತ್ತಿಗೆಗೆ ಭೂತಗನ್ನಡಿ ಮಾಲೆಯಂತೆ ನೇತುಹಾಕಿಕೊಂಡವರು, ಪ್ಲಾಸ್ಟಿಕ್ ಹಾಳೆಯೊಳಗಿನ ನಾಣ್ಯಕ್ಕೆ ಬೆಲೆ ಕೇಳಿ ಅಷ್ಟಕ್ಕೇ ಮುಂದೆ ಹೋಗುವವರು. ಮದುವೆ ಮನೆಯಲ್ಲಿ ಸೀರೆ ನೋಡುವ ಹೆಂಗಸರು ಇವರಿಗಿಂತ ಗಮನವಿಟ್ಟು ನೋಡುತ್ತಾರೆ ಎಂದುಕೊಂಡ ಮನ್ಮಥಪ್ಪ. ರಾಯರು ಮರಾಠಿಯಲ್ಲಿ ಮುಕ್ಕಾಲು ಗಂಟೆ ಮಾತಾಡಿದರು. ಕೊನೆಗೆ, ಇದರಲ್ಲಿ ನನ್ನದು ಬರವಣಿಗೆ ಮಾತ್ರ, ಕಣ್ಣು ಇವರದು ಎಂದು ಅವನನ್ನು ಎಬ್ಬಿಸಿ ನಿಲ್ಲಿಸಿದರು.

ಭಾಷಣ ಮುಗಿದದ್ದೇ ಜನ ರಾಯರನ್ನು ಬಿಟ್ಟು ಇವನ ಸುತ್ತ ಸೇರಿದರು. ಡಾಕ್ಟರು, ವಕೀಲರು, ಸರಾಫರು ಅಂಗೈಯಲ್ಲಿ ನಾಣ್ಯ ಹಿಡಿದು ಸಾಲಾಗಿ ನಿಂತರು. ಇಸ್ತ್ರಿ ಮಾಡಿದ ಅಂಗಿಯವರು ತನ್ನ ಬಾಯಿಂದ ಒಂದು ಮಾತಿಗೆ ಕಾಯುವುದನ್ನು ಮನ್ಮಥಪ್ಪ ಅರವತ್ತಮೂರು ವರ್ಷದಲ್ಲಿ ಕಂಡಿರಲಿಲ್ಲ. ಮೊದಲ ನಾಲ್ಕು ನಾಣ್ಯಗಳನ್ನು ಭೂತಗನ್ನಡಿಯಲ್ಲಿ ನೋಡಿ ಹೇಳಿದ. ಆಮೇಲೆ ಬರಿಗಣ್ಣಲ್ಲೇ ಹೇಳತೊಡಗಿದ. ಹಾಗೆ ಹೇಳಿದಾಗ ಜನ ಇನ್ನಷ್ಟು ಬೆರಗಾಗುತ್ತಿದ್ದರು.

ಸಾಲಿನ ಕೊನೆಯಲ್ಲಿ ಇಪ್ಪತ್ತೇಳು ಇಪ್ಪತ್ತೆಂಟರ ಒಬ್ಬ ಹುಡುಗಿಯಿದ್ದಳು. ಹೆಸರು ಪ್ರಾಚಿ. ಇವರಿಬ್ಬರೂ ಕನ್ನಡದಲ್ಲಿ ಮಾತಾಡಿದ್ದನ್ನು ಕೇಳಿ ಹತ್ತಿರ ಬಂದಿದ್ದಳು. ಅವಳ ಅಜ್ಜ ಕಲಬುರಗಿಯಿಂದ ಅಂಚೆ ಇಲಾಖೆಯ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಅವರು ಬಿಟ್ಟುಹೋದ ಅರ್ಧ ಡಾಲರನ್ನು ಅವಳು ಕರವಸ್ತ್ರದಲ್ಲಿ ಸುತ್ತಿ ತಂದಿದ್ದಳು. ಇಸವಿ ಸಾವಿರದೆಂಟುನೂರಾ ಆರು. ಆದರೆ ಆ ಆರು ವಿಚಿತ್ರವಾಗಿತ್ತು. ಅದರ ಅಡಿಯಲ್ಲಿ ಒಂಬತ್ತೊಂದು ಇಣುಕಿದಂತೆ ಕಾಣುತ್ತಿತ್ತು.

ಮನ್ಮಥಪ್ಪ ಅದನ್ನು ಅಂಗೈಯಲ್ಲಿ ಒಮ್ಮೆ ಹೊರಳಿಸಿದ. ಸುತ್ತಲಿದ್ದವರ ಮುಖ ನೋಡಿದ. ಖೋಟಾ ಎಂದ. ಯಾರೋ ಒಂಬತ್ತು ಕೆತ್ತಿ, ಆಮೇಲೆ ಅದರ ಮೇಲೆ ಆರು ಕೆತ್ತಿದ್ದಾರೆ. ಆರರ ಪಂಚನ್ನು ತಲೆಕೆಳಗೆ ಹಿಡಿದು ಬಡಿಯುವಷ್ಟು ದಡ್ಡ ಡೈ ಮಾಡುವವರ ಪೈಕಿ ಈ ಭೂಮಿಯ ಮೇಲೆ ಹುಟ್ಟಿಲ್ಲ ಎಂದು ಹಿಂದಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ. ಜನ ನಕ್ಕರು. ಆಗ ರಾಯರು ಅವನ ತೋಳು ಮುಟ್ಟಿ, ಸ್ವಲ್ಪ ತಡೆಯಿರಿ, ಇಂಥದ್ದೊಂದರ ಬಗ್ಗೆ ಎಲ್ಲೋ ಓದಿದ ನೆನಪು ಎಂದು ಮೆಲ್ಲಗೆ ಶುರುಮಾಡಿದರು.

“ರಾಯರೆ, ನೀವು ನೋಟು ಎಣಿಸಿದವ್ರು. ಕಬ್ಬಿಣದ ಮಾತು ನನಗ ಬಿಡ್ರಿ.”

ಕನ್ನಡ ಬಾರದವರಿಗೂ ಅದರ ಧಾಟಿ ತಿಳಿಯಿತು. ರಾಯರು ಕೈ ಹಿಂದಕ್ಕೆ ತೆಗೆದುಕೊಂಡರು. ಹುಡುಗಿ ನಾಣ್ಯವನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿ, ಅವನನ್ನು ಒಂದು ಗಳಿಗೆ ದಿಟ್ಟಿಸಿ, ಹೊರಟುಹೋದಳು. ಮರಳುವ ದಾರಿಯಲ್ಲಿ ರಾಯರು ಸಿನ್ನರಿನಲ್ಲಿ ಚಹಾಕ್ಕೂ ನಿಲ್ಲಿಸಲಿಲ್ಲ. ಆ ದಿನ ಸಿಕ್ಕ ಮರ್ಯಾದೆಯ ಮತ್ತಿನಲ್ಲಿ ಮನ್ಮಥಪ್ಪನಿಗೆ ಅದು ಗಮನಕ್ಕೇ ಬರಲಿಲ್ಲ.

ಹದಿನೈದು ದಿನದ ಮೇಲೆ ರಾಯರು ತಾವೇ ಇಳಿದು ಬಂದರು. ಕೂರಲಿಲ್ಲ. ಒಂದು ಪುಸ್ತಕದ ಪುಟದ ನಕಲನ್ನು ಮೇಜಿನ ಮೇಲಿಟ್ಟರು. “ಪಟ್ಟಿಯೊಳಗ ಅದರಿ. ಆರು ತಲೆಕೆಳಗ ಬಡದು, ಆಮ್ಯಾಲೆ ಅದರ ಮ್ಯಾಲೇ ನೆಟ್ಟಗ ಬಡದಾರ. ಅಸಲಿ ಅಚ್ಚು. ಅವತ್ತ ಇದನ್ನೇ ಹೇಳಲಿಕ್ಕೆ ಬಂದಿದ್ದೆ” ಎಂದು ಹೇಳಿ ಮೆಟ್ಟಿಲು ಹತ್ತಿದರು.

ಚಿತ್ರದಲ್ಲಿ ಅದೇ ಆರು. ಅದರ ಹೊಟ್ಟೆಯೊಳಗೆ ಅಳಿಸಲು ಹೋಗಿ ಅಳಿಯದೆ ಉಳಿದ ತಲೆಕೆಳಗಾದ ಇನ್ನೊಂದು ಆರು. ಅದನ್ನು ನೋಡುತ್ತಲೇ ಮನ್ಮಥಪ್ಪನಿಗೆ ಮೂವತ್ತು ವರ್ಷದಿಂದ ಎಂದೂ ನೆನಪಿಗೆ ಬಾರದ ಒಂದು ಸಂಜೆ ನೆನಪಾಯಿತು. ಟೂಲ್ ರೂಮಿನಲ್ಲಿ ಅವನೊಬ್ಬನೇ. ಶಿಫ್ಟು ಮುಗಿಯಲು ಹತ್ತು ನಿಮಿಷ. ಹೊಸ ಡೈಗೆ ನಂಬರು ಬಡಿಯುವ ಅವಸರದಲ್ಲಿ ಆರರ ಪಂಚು ತಿರುಗಿತ್ತು, ಉಕ್ಕಿನ ಮೇಲೆ ಒಂಬತ್ತು ಬಿದ್ದಿತ್ತು. ತಿಕ್ಕಿದ, ಪೂರ್ತಿ ಹೋಗಲಿಲ್ಲ. ಅದರ ಮೇಲೇ ಆರು ಬಡಿದು, ಎಣ್ಣೆ ಗ್ರೀಸು ಮೆತ್ತಿ, ಮರುದಿನ ಫೋರ್‌ಮನ್ ಸಾಯಬಣ್ಣನ ಮುಂದೆ ನೆಟ್ಟಗೆ ನಿಂತಿದ್ದ. ಯಾರಿಗೂ ತಿಳಿಯಲಿಲ್ಲ. ಅಂಥ ಡೈ ಮಾಡುವವನು ಹುಟ್ಟಿಲ್ಲ ಎಂದು ಸಂಭಾಜಿನಗರದಲ್ಲಿ ಹೇಳುವಾಗ ಅವನು ಸುಳ್ಳು ಹೇಳಿರಲಿಲ್ಲ. ಪೂರ್ತಿ ನಂಬಿಯೇ ಹೇಳಿದ್ದ. ಅದೇ ಅವನಿಗೆ ಹೆಚ್ಚು ಅಸಹ್ಯವೆನಿಸಿತು.

ಮರುದಿನ ಮೂರು ಮಹಡಿ ಹತ್ತಿ ಹುಡುಗಿಯ ವಿಳಾಸ ಕೇಳಿದ. ರಾಯರು ಕೂಟದವರಿಗೆ ಫೋನು ಮಾಡಿ ತಿಳಿದುಕೊಂಡು ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟರು, ಒಳಗೆ ಕರೆಯಲಿಲ್ಲ. ಮನ್ಮಥಪ್ಪ ಒಬ್ಬನೇ ಸಂಭಾಜಿನಗರದ ಸರಕಾರಿ ಎಸ್ಟಿ ಬಸ್ಸು ಹತ್ತಿದ.

ಪ್ರಾಚಿ ನಿರಾಲಾ ಬಜಾರದ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿದ್ದಳು. ಬಿಳಿ ಕೋಟು ತೊಟ್ಟು ಹೊರಗೆ ಬಂದವಳು ಅವನನ್ನು ಕೂಡಲೇ ಗುರುತಿಸಿದಳು. ಅವನು ರೋಗಿಗಳ ಸಾಲಿನ ಮುಂದೆಯೇ ನಿಂತು, ನಾಣ್ಯ ಅಸಲಿ, ನಾನು ಹೇಳಿದ್ದು ತಪ್ಪು, ಅದನ್ನು ಕರಗಿಸಲು ಕೊಟ್ಟಿಲ್ಲ ತಾನೆ ಎಂದು ಒಂದೇ ಉಸಿರಿಗೆ ಹೇಳಿದ.

“ಕಾಕಾ, ನಾ ನಿಮ್ಮ ಮಾತು ನಂಬಲೇ ಇಲ್ಲ” ಎಂದಳು ಅವಳು, ಮರಾಠಿಯ ಎಳೆತದ ಕನ್ನಡದಲ್ಲಿ. “ನಾ ದಿವಸಭರ ಮೈಕ್ರೋಸ್ಕೋಪ್‌ನಾಗ ನೋಡೋಕಿ. ಯಾರು ನೋಡ್ತಾರ, ಯಾರು ನೋಡಲ್ಲ, ನನಗ ಸಮಜ್ತದ. ನೀವು ನಾಣ್ಯ ನೋಡಲಿಲ್ಲ. ನೀವು ಮಂದಿ ನೋಡಿದ್ರಿ.”

ಟೂಲ್ ರೂಮಿನಲ್ಲಿ ಗುಂಡಿ ಒತ್ತುವವರಿಗೆ ಅವನು ಯಾವ ದನಿಯಲ್ಲಿ ಮಾತಾಡುತ್ತಿದ್ದನೋ ಅವಳದೂ ಅದೇ ದನಿ, ಏರಿಸಿದ್ದಲ್ಲ, ಇಳಿಸಿದ್ದಲ್ಲ. ಇನ್ನೊಮ್ಮೆ ನೋಡಬಹುದೇ ಎಂದು ಕೇಳಿದ. ಮಧ್ಯಾಹ್ನ ಎರಡಕ್ಕೆ ಬನ್ನಿ ಎಂದಳು. ಅವನು ರಸ್ತೆಯ ಆಚೆ ಬದಿಯ ಕಟ್ಟೆಯ ಮೇಲೆ ಎರಡೂವರೆ ತಾಸು ಕೂತ.

ಎರಡು ಗಂಟೆಗೆ ಅವಳು ಮನೆಯಿಂದ ನಾಣ್ಯ ತಂದು, ಲ್ಯಾಬಿನ ದೊಡ್ಡ ಲೆನ್ಸಿನ ಕೆಳಗಿಟ್ಟಳು. ಮನ್ಮಥಪ್ಪ ಈ ಸಲ ಇಪ್ಪತ್ತು ನಿಮಿಷ ತಲೆ ಎತ್ತಲಿಲ್ಲ. ಗೆರೆಗಳೆಲ್ಲ ಉಬ್ಬಿದ್ದವು, ಉಳಿಯಿಂದ ಕೆತ್ತಿದ ತಗ್ಗು ಎಲ್ಲಿಯೂ ಇರಲಿಲ್ಲ. ಅವತ್ತು ಉಗುರಾಡಿಸಿದ್ದರೂ ಸಾಕಿತ್ತು. ಆ ಕೆಲಸಗಾರ ಏನೇನು ಮಾಡಿದ್ದ ಎಂಬುದನ್ನು ಅವನು ಕ್ರಮವಾಗಿ ಹೇಳಿದ: ಮೊದಲು ತಲೆಕೆಳಗೆ ಬಡಿದ, ಬಡಿದ ಕೂಡಲೇ ತಿಳಿಯಿತು, ತಿಕ್ಕಿದ, ಆದರೆ ಪೂರ್ತಿ ತಿಕ್ಕಿದರೆ ಅಚ್ಚಿನ ಮೈಯೇ ತಗ್ಗಾಗುತ್ತದೆಂದು ಅರ್ಧಕ್ಕೆ ಬಿಟ್ಟ, ಎರಡನೇ ಸಲ ಮೊದಲಿಗಿಂತ ಜೋರಾಗಿ ಬಡಿದ. ಅದು ನಿಮಗೆ ಹೇಗೆ ಗೊತ್ತು ಎಂದು ಪ್ರಾಚಿ ಕೇಳಿದಳು. ನಾನೂ ಒಮ್ಮೆ ಹಾಗೆ ಮಾಡಿದ್ದೇನೆ ಎಂದ. ಅವಳು ನಾಣ್ಯವನ್ನು ಎತ್ತಿಟ್ಟುಕೊಂಡಳು. ಚಹಾ ಕೇಳಲಿಲ್ಲ.

ರಾಯರು ಏಪ್ರಿಲ್‌ನಲ್ಲಿ ತಾವಿಬ್ಬರೂ ಗುರುತಿಸಿದ ಅಚ್ಚುಗಳ ಪಟ್ಟಿಯನ್ನು ಕೂಟದ ಕಡೆಯಿಂದ ಪುಸ್ತಿಕೆಯಾಗಿ ತಂದರು. ಅಚ್ಚಿಗೆ ಕೊಡುವ ಮೊದಲು ಹಸ್ತಪ್ರತಿಯನ್ನು ಕೆಳಗೆ ಕಳಿಸಿದ್ದರು. ಸಾವಿರದೆಂಟುನೂರಾ ಆರರ ಆ ನಾಣ್ಯದ ಮುಂದೆ ಮನ್ಮಥಪ್ಪ ಪೆನ್ಸಿಲ್ಲಿನಿಂದ, ಮೊದಲು ಇದನ್ನು ಖೋಟಾ ಎಂದವನು ಮನ್ಮಥಪ್ಪ, ಸರಿಯಾಗಿ ಹೇಳಿದವರು ಬಿಂದುಮಾಧವರಾಯರು ಎಂದು ಸೇರಿಸಿದ. ರಾಯರು ಫೋನು ಮಾಡಿ, ಇದೆಲ್ಲ ಬೇಡ, ತೆಗೆದುಬಿಡೋಣ ಎಂದರು.

“ಇರಲಿ ಬಿಡ್ರಿ” ಎಂದ ಅವನು. “ಅಚ್ಚಿನ ಮ್ಯಾಲಿಂದು ಅಳಿಸಿದ್ರ ಹೋಗಂಗಿಲ್ಲ.”

ರಾಯರು ತೆಗೆಯಲಿಲ್ಲ. ಆದರೆ ಆದಿತ್ಯವಾರದ ಕರೆಯೂ ಮತ್ತೆ ಬರಲಿಲ್ಲ. ಸಂಶಯವಿದ್ದ ನಾಣ್ಯದ ಚಿತ್ರ ಫೋನಿಗೆ ಬರುತ್ತಿತ್ತು, ಕೆಳಗೆ ಒಂದು ಸಾಲು, ‘ನೋಡಿ ತಿಳಿಸಬೇಕು’ ಎಂದು. ಅವನು ನೋಡಿ ತಿಳಿಸುತ್ತಿದ್ದ. ಲಿಫ್ಟಿನ ಬಾಗಿಲಲ್ಲಿ ಎದುರಾದರೆ ಇಬ್ಬರೂ ನಮಸ್ಕಾರ ಎನ್ನುತ್ತಿದ್ದರು. ಮೇಲಿನ ಚಹಾ ತಪ್ಪಿದ್ದು ಅವನಿಗೆ ನಿಜಕ್ಕೂ ಬೇಸರ ತಂದಿತ್ತು; ಅದನ್ನು ಹೆಂಡತಿಗೂ ಹೇಳಲಿಲ್ಲ.

ಪುಸ್ತಿಕೆ ಬಂದ ದಿನ ಸುಶೀಲಾಬಾಯಿ ಕನ್ನಡಕ ಹಾಕಿಕೊಂಡು ಗಂಡನ ಹೆಸರಿದ್ದ ಪುಟ ಹುಡುಕಿದಳು. ಮನ್ಮಥಪ್ಪ ಅವಳ ಕೈಯಿಂದ ಕಿತ್ತುಕೊಂಡು ಬೆಳಕಿಗೆ ಹಿಡಿದ. ಚಿತ್ರಗಳೆಲ್ಲ ಮಸಿ ಕುಡಿದು ಮಂಕಾಗಿದ್ದವು. ಹದಿನಾಲ್ಕನೇ ಪುಟವನ್ನು ಓರೆಯಾಗಿ ಕತ್ತರಿಸಿದ್ದರು. ಇದನ್ನು ಮುದ್ರಿಸಿದವನಿಗೆ ಅಳತೆಪಟ್ಟಿ ಹಿಡಿಯಲಿಕ್ಕಾದರೂ ಬರುತ್ತದೆಯೋ ಇಲ್ಲವೋ ಎಂದು ಶುರುಮಾಡಿದ. ಸುಶೀಲಾಬಾಯಿ ಕನ್ನಡಕ ತೆಗೆದಿಟ್ಟು ಒಲೆಯ ಕಡೆ ಹೋದಳು.