ಯಲ್ಲಕ್ಕನ ‘ಸುಮ್ನೆ’

ನನ್ನ ಬಾಯಿ ಜೋರು. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮೂರು ಭಂಡಿಗಡಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮದುವೆಯಾಗಿ ಬಂದ ವರ್ಷವೇ ನಮ್ಮ ಅತ್ತೆ, "ರಾಧ ಬಾಯಿ ತೆಗೆದ್ರೆ ಗೇಟಿನ ಹತ್ರ ಮಲಗಿದ ನಾಯಿ ಎದ್ದು ನಿಲ್ತದೆ" ಅಂದಿದ್ದರು. ಆಗ ಅದನ್ನು ಹೊಗಳಿಕೆ ಅಂದುಕೊಂಡಿದ್ದೆ. ಆಳುಕಾಳು ನೋಡಿಕೊಳ್ಳುವ ಮನೆಯಲ್ಲಿ ಹೆಂಗಸಿಗೆ ಬಾಯಿ ಇರಬೇಕು ಅನ್ನುವುದು ನನ್ನ ನಂಬಿಕೆಯಾಗಿತ್ತು. ಆ ಬಾಯಿಂದ ಆದ ಒಂದು ಅನಾಹುತವನ್ನು ಈಗ ಹೇಳಬೇಕಾಗಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಯಲ್ಲಕ್ಕ ನಮ್ಮ ತೋಟದ ಕೆಲಸಕ್ಕೆ ಬರಲು ಶುರುಮಾಡಿ ಇಪ್ಪತ್ತೆರಡು ವರ್ಷ. ತವರು ಕಿಗ್ಗದ ಹತ್ತಿರ. ಗಂಡ ಗಿಡ್ಡಯ್ಯನೂ ಕೂಲಿಗೇ ಹೋಗುವವನು. ಒಬ್ಬಳೇ ಮಗಳು ಮಲ್ಲಿಕಾಳನ್ನು ನೆಮ್ಮಾರಿಗೆ ಕೊಟ್ಟಿದ್ದಾರೆ. ಯಲ್ಲಕ್ಕನ ವಯಸ್ಸು ಐವತ್ತೈದೋ ಅರವತ್ತೋ ಅವಳಿಗೇ ಗೊತ್ತಿಲ್ಲ. ಆಧಾರ್ ಕಾರ್ಡಿನವರು ಹುಟ್ಟಿದ ದಿನ ಜನವರಿ ಒಂದು ಅಂತ ಬರೆದು ಕೈ ತೊಳೆದುಕೊಂಡಿದ್ದಾರೆ. ಕಾಫಿ ಕೊಯ್ಯಲು ನಿಂತರೆ ಅವಳ ಚೀಲದಲ್ಲಿ ಹುಡುಕಿದರೂ ಒಂದು ಹಸಿರು ಕಾಯಿ ಸಿಗುವುದಿಲ್ಲ. ಬರುತ್ತೇನೆ ಅಂದ ದಿನ ಬಂದೇ ಬರುತ್ತಾಳೆ. ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಒಂದು ಸುಳ್ಳು ಹೇಳಿದವಳಲ್ಲ.

ಇದ್ದದ್ದು ಒಂದೇ ದೋಷ, ಅಂದರೆ ನಾನು ದೋಷ ಅಂದುಕೊಂಡಿದ್ದು. ಕೆಲಸದ ನಡುವೆ ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದಳು. ಮೇಲೆಲ್ಲೋ ಮರಕುಟಿಕ ಟಕ್ ಟಕ್ ಅಂದರೆ ಸಾಕು, ಕೈ ಕಾಫಿ ಗಿಡದ ಮೇಲೆ, ಕಣ್ಣು ಮರದ ಮೇಲೆ.

"ಎಂತದೇ, ಜನ್ಮದಲ್ಲಿ ಹಕ್ಕಿ ಕಂಡಿಲ್ವನೇ ನೀನು?" ಅಂತ ಕೂಗುತ್ತಿದ್ದೆ.

"ಇದನ್ನ ಕಂಡಿರ್ಲಿಲ್ಲ ಅಮ್ಮ" ಅನ್ನುತ್ತಿದ್ದಳು.

ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಯಿತಲ್ಲ, ಅಲ್ಲಿಂದ ಅವಳಿಗೆ ಹೊಸ ಚಾಳಿ ಹತ್ತಿಕೊಂಡಿತು. ನಮ್ಮ ಕಡೆ ಓಡುವುದು ಹೆಚ್ಚಾಗಿ ಪ್ರೈವೇಟ್ ಬಸ್ಸು. ಇರುವ ನಾಲ್ಕು ಸರ್ಕಾರಿ ಬಸ್ಸು ಎಷ್ಟು ಹೊತ್ತಿಗೆ ಕೊಪ್ಪಕ್ಕೆ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಅನ್ನುವುದು ಅವಳಿಗೆ ಬಾಯಿಪಾಠ. ಹದಿನೈದು ದಿನಕ್ಕೊಮ್ಮೆ ಸಂಜೆ ಚಾ ಕುಡಿದು, ಲೋಟ ತೊಳೆದಿಟ್ಟು, "ನಾಳೆ ಬರಲ್ಲ ಅಮ್ಮ" ಅನ್ನುತ್ತಿದ್ದಳು.

"ಎಲ್ಲಿಗೆ ಹೊರಟಿದೀಯ?"

"ಎಲ್ಲಿಗೂ ಇಲ್ಲ. ಸುಮ್ನೆ ಹೋಗ್ಬರ್ತೀನಿ."

ನಮ್ಮ ಕಡೆ ‘ಸುಮ್ನೆ’ ಅನ್ನುವ ಮಾತನ್ನು ಯಾರೂ ನಂಬುವುದಿಲ್ಲ. ಹೆಣ್ಣು ನೋಡಲು ಹೊರಟವನೂ ‘ಸುಮ್ನೆ’ ಅನ್ನುತ್ತಾನೆ, ಕೋರ್ಟಿಗೆ ಹೊರಟವನೂ ‘ಸುಮ್ನೆ’ ಅನ್ನುತ್ತಾನೆ. ಕೊಯ್ಲಿನ ಹೊತ್ತಿನಲ್ಲಿ ಆಳು ‘ಸುಮ್ನೆ’ ಅಂದರಂತೂ ಅದಕ್ಕೆ ಒಂದೇ ಅರ್ಥ. ಬೇರೆಯವರ ತೋಟಕ್ಕೆ ಕೆಲಸಕ್ಕೆ ಹೋಗುತ್ತಿದ್ದಾರೆ ಅಂತ. ಆಳಿಗಾಗಿ ಅಣ್ಣತಮ್ಮಂದಿರೇ ಮಾತು ಬಿಟ್ಟ ಊರು ನಮ್ಮದು.

ಹೋದ ಜನವರಿಯಲ್ಲಿ ಅರ್ಧ ಕಾಫಿ ಗಿಡದಲ್ಲೇ ಇತ್ತು, ಅಕಾಲದಲ್ಲಿ ಮೋಡ ಬೇರೆ ಕಟ್ಟಿತ್ತು. ಪಿಕಪ್ಪಿನಲ್ಲಿ ಆಳುಗಳನ್ನು ಸಾಗಿಸುವ ಪ್ರಶಾಂತ ಗೊಬ್ಬರ ಇಳಿಸಲು ಬಂದವನು ಒಂದು ಮಾತು ಬಿಟ್ಟು ಹೋದ. "ರಾಧಕ್ಕ, ನಿಮ್ಮ ಯಲ್ಲಕ್ಕ ಕೊಪ್ಪದಲ್ಲಿ ಎನ್ನಾರ್‌ಪುರದ ಬಸ್ ಹತ್ತದು ಕಂಡೆ. ಆ ಕಡೆ ತೋಟದವ್ರೂ ಆಳಿಗೆ ಬಾಯ್ ಬಾಯ್ ಬಿಡ್ತಿದಾರೆ. ನಂಗೆ ಗೊತ್ತಿಲ್ಲಪ್ಪ, ಕಂಡಿದ್ದು ಹೇಳ್ದೆ."

ನಾನು ನಂಬಿದೆ. ಅದೇ ವಾರ ಯಲ್ಲಕ್ಕ ಮತ್ತೆ "ನಾಳೆ ಬರಲ್ಲ, ಸುಮ್ನೆ ಹೋಗ್ಬರ್ತೀನಿ" ಅಂದಾಗ ‘ಆಯ್ತು’ ಅಂದೆ. ಬೆಳಿಗ್ಗೆ ಎದ್ದು ನಮ್ಮನೆಯವರ ಹತ್ತಿರ ನನಗೆ ಹಲ್ಲುನೋವು, ಡಾಕ್ಟರ ಹತ್ತಿರ ಹೋಗಬೇಕು ಅಂತ ಸುಳ್ಳು ಹೇಳಿ ಕೊಪ್ಪಕ್ಕೆ ಬಂದೆ. ಎನ್ನಾರ್‌ಪುರದ ಬಸ್ಸಿನಲ್ಲಿ, ಕಿಟಕಿಯ ಪಕ್ಕ, ಮಡಿಲಲ್ಲಿ ಬಟ್ಟೆ ಚೀಲ ಇಟ್ಟುಕೊಂಡು ಯಲ್ಲಕ್ಕ ಕೂತಿದ್ದಳು. ಕಳ್ಳಿ ಸಿಕ್ಕಿಬಿದ್ದಳು ಅಂತ ಒಳಗೊಳಗೇ ಖುಷಿಯಾಯಿತು. ಆ ಖುಷಿ ನೆನೆದರೆ ಈಗ ಮೈ ಹಿಡಿಯಾಗುತ್ತದೆ.

"ಎಲ್ಲಿಗೇ ಸವಾರಿ?" ಅಂತ ಅವಳ ತಲೆಯ ಮೇಲೇ ಹೋಗಿ ನಿಂತೆ. ಬಸ್ಸು ಹೊರಟಿತು.

"ಅಯ್ಯೋ, ಅಮ್ಮ! ನೀವು! ನಾನು ಸುಮ್ನೆ..."

"ಸುಮ್ನೆ ಯಾರು ಹೋಗ್ತಾರೆ?" ನನ್ನ ಗಂಟಲು ಡ್ರೈವರನವರೆಗೂ ಮುಟ್ಟಿತು. "ಇಪ್ಪತ್ತೆರಡು ವರ್ಷ ನಮ್ಮನೆ ಚಾ ಕುಡಿದು, ಕೊಯ್ಲಿನ ಹೊತ್ತಿಗೆ ಕೈ ಕೊಟ್ಟು ಇನ್ನೊಬ್ಬರ ತೋಟಕ್ಕೆ ಹೋಗ್ತೀಯಲ್ಲ, ನಾಚಿಕೆ ಆಗಲ್ವಾ? ಕೆಲಸಕ್ಕಲ್ದೆ ನಿನ್ನಂಥವಳಿಗೆ ಎನ್ನಾರ್‌ಪುರದಲ್ಲಿ ಎಂತ ಇದೆ?"

ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವಳ ಚೀಲಕ್ಕೆ ಕೈ ಹಾಕಿದೆ. ಮಡಚಿಟ್ಟ ಗೊಬ್ಬರದ ಚೀಲವೊಂದು ಕೈಗೆ ಬಂತು. ಅದನ್ನು ಎತ್ತಿ ಬಸ್ಸಿನವರಿಗೆಲ್ಲ ತೋರಿಸಿದೆ. "ಇದೆಂತ ಹಾಗಾದ್ರೆ? ಕಾಫಿ ತುಂಬಕ್ಕೆ ತಾನೆ?"

ಯಲ್ಲಕ್ಕ ತಲೆ ಎತ್ತಲಿಲ್ಲ. "ಕೂರಕ್ಕೆ ಅಮ್ಮ" ಅಂದಳು. "ಬೆಳಿಗ್ಗೆ ಹೊತ್ತು ಹುಲ್ಲು ಒದ್ದೆ ಇರ್ತದೆ. ಸೀರೆ ನೆನೀತದೆ."

ಚೀಲದಲ್ಲಿ ಇನ್ನು ಉಳಿದದ್ದು ಬಾಳೆಲೆಯಲ್ಲಿ ಕಟ್ಟಿದ ಎರಡು ಕಡುಬು, ಒಂದು ನೀರಿನ ಬಾಟಲಿ, ಆಧಾರ್ ಕಾರ್ಡು. ಅಷ್ಟೇ. ಹಿಂದಿನ ಸೀಟಿನಲ್ಲಿ ಯಾರೋ "ಪಾಪ" ಅಂದರು. ಕಂಡಕ್ಟರ್ ಬಂದು, "ಮೊದ್ಲು ಟಿಕೆಟ್ ತಗಳಿ, ಆಮೇಲೆ ಜಗಳ ಮಾಡಿ" ಅಂದ. ನಾನು ಆಧಾರ್ ಕಾರ್ಡು ತಂದಿರಲಿಲ್ಲ, ದುಡ್ಡು ಕೊಟ್ಟೆ. ಒಂದಿಬ್ಬರು ನಕ್ಕರು.

ಇಳಿದು ಓಡಿಹೋಗಬೇಕು ಅನ್ನಿಸಿತು. ಆಚೆ ಈಚೆ ಬರೀ ಕಾಡು. ಬಸ್ಸು ತಿರುವಿನಲ್ಲಿ ಓಲಾಡಿದಾಗ ಯಲ್ಲಕ್ಕ ಒತ್ತರಿಸಿ ಜಾಗ ಮಾಡಿದಳು. "ಕೂತ್ಕಳಿ ಅಮ್ಮ, ಬೀಳ್ತೀರಿ." ಕೂತೆ. ಎನ್ನಾರ್‌ಪುರದಲ್ಲಿ ಇಬ್ಬರೂ ಇಳಿದೆವು.

ತಿರುಗಿ ಹೋಗುವ ಬಸ್ಸು ಮಧ್ಯಾಹ್ನಕ್ಕೆ. ಅವಳು ನಡೆದಳು, ಬೇರೆ ದಾರಿ ಕಾಣದೆ ನಾನೂ ಹಿಂದೆ ಹೋದೆ. ಒಂದು ಮೈಲಿ ನಡೆದಿರಬೇಕು, ಮರಗಳು ಮುಗಿದು ಭದ್ರಾ ಹಿನ್ನೀರು ಎದುರಿಗೆ ಬಿತ್ತು. ಎನ್ನಾರ್‌ಪುರಕ್ಕೆ ನಾನು ಹತ್ತಾರು ಮದುವೆಗೆ ಬಂದಿದ್ದೇನೆ; ಊಟ ಮಾಡಿದ್ದೇನೆ, ಯಾರು ಯಾವ ಸರ ಹಾಕಿದ್ದರು ಅಂತ ನೋಡಿದ್ದೇನೆ, ವಾಪಸ್ ಹೋಗಿದ್ದೇನೆ. ಇಷ್ಟು ನೀರು ಇಲ್ಲಿದೆ ಅಂತ ಕೇಳಿ ಗೊತ್ತಿತ್ತೇ ಹೊರತು ಕಂಡಿರಲಿಲ್ಲ.

ಯಲ್ಲಕ್ಕ ಗೊಬ್ಬರದ ಚೀಲ ಬಿಡಿಸಿ ಹುಲ್ಲಿನ ಮೇಲೆ ಹಾಸಿದಳು. "ಕೂತ್ಕಳಿ ಅಮ್ಮ." ತಾನು ಪಕ್ಕದಲ್ಲಿ ಒದ್ದೆ ನೆಲದ ಮೇಲೆ ಕೂತಳು. ಬಸ್ಸಿನಲ್ಲಿ ನಾನು ಎತ್ತಿ ತೋರಿಸಿದ್ದ ಅದೇ ಚೀಲ. ಅದರ ಮೇಲೇ ಕೂತೆ.

ಹೀಗೆ ಬರಲು ಏನೋ ಒಂದು ಕಾರಣ ಇದ್ದೇ ಇರಬೇಕು ಅಂತ ನನ್ನ ತಲೆ ಇನ್ನೂ ಹುಡುಕುತ್ತಿತ್ತು. "ನಿಮ್ಮವರ ಊರು ಇಲ್ಲಿ ಮುಳುಗಿತ್ತಾ?" ಅಂದೆ.

"ಇಲ್ಲಪ್ಪ. ನಮ್ದು ಕಿಗ್ಗದ ಕಡೆ ಅಲ್ವಾ."

"ಹರಕೆ ಗಿರಕೆ?"

"ಇಲ್ಲ."

"ಮತ್ತೆ ಎಂತಕ್ಕೆ ಬರ್ತೀಯ ಮಾರಾಯ್ತಿ?"

ಅವಳು ನನ್ನನ್ನು ನೋಡಿದಳು. ಕನಿಕರದಿಂದ ನೋಡಿದಳು ಅಂತ ಈಗಲೂ ನನಗೆ ಅನ್ನಿಸುತ್ತದೆ. "ನೋಡಕ್ಕೆ" ಅಂದಳು. "ಹೋದ ಸಲ ಬಂದಾಗ ನೀರು ಆ ಕಲ್ಲಿನ ಮೇಲಿತ್ತು. ಇವತ್ತು ಕಲ್ಲು ಕಾಣ್ತಾ ಉಂಟು. ಇನ್ನೊಂದ್ಸಲ ಬರದ್ರೊಳಗೆ ಅಲ್ಲಿ ಹುಲ್ಲು ಬಂದಿರ್ತದೆ. ಇವತ್ತು ಹಿಂಗಿರದು ಇವತ್ತೇ ಕಾಣ್ಬೇಕಲ್ಲ ಅಮ್ಮ." ಆಮೇಲೆ ಮೆಲ್ಲಗೆ, "ಮಾತಾಡ್ಬೇಡಿ. ಪುಣ್ಯ ಇದ್ರೆ ಬರ್ತವೆ" ಅಂದಳು.

ಏನು ಬರುತ್ತದೆ ಅಂತ ಕೇಳದೆ ಕೂತೆ. ಒಂದು ಗಂಟೆಯೋ ಎರಡೋ. ಮೊದಲು ಕಾಫಿ ನೆನಪಾಯಿತು, ಮೋಡ ನೆನಪಾಯಿತು, ಬಸ್ಸಿನಲ್ಲಿ ನಕ್ಕವರು ನೆನಪಾದರು. ಬರಬರುತ್ತ ಗಾಳಿ ನೀರಿನ ಮೇಲೆ ಓಡಾಡುವುದಷ್ಟೇ ಕಾಣುತ್ತಿತ್ತು. ಆಗ ಯಲ್ಲಕ್ಕ ನನ್ನ ಮೊಣಕೈ ಮುಟ್ಟಿದಳು. ಆ ಕಲ್ಲಿನ ಹಿಂದಿನಿಂದ ನೀರುನಾಯಿಗಳು ಬಂದವು. ಒಂದು, ಎರಡು, ಐದು. ಅದರಲ್ಲಿ ಎರಡು ಮರಿ. ದೊಡ್ಡದೊಂದು ಕಲ್ಲು ಹತ್ತಿ ಎರಡು ಕೈಯಲ್ಲಿ ಮೀನು ಹಿಡಿದು ಕರಕರ ಅಂತ ತಿನ್ನತೊಡಗಿತು. ಮರಿ ಅದರ ಬೆನ್ನು ಹತ್ತಲು ಹೋಗಿ ಜಾರಿ ಪುಳಕ್ಕನೆ ನೀರಿಗೆ ಬಿತ್ತು.

"ಅಯ್ಯೋ, ನೋಡೇ ಅದನ್ನ!" ಅಂದುಬಿಟ್ಟೆ.

ಕಲ್ಲಿನ ಮೇಲಿದ್ದದ್ದು ನೀರಿಗೆ ಹಾರಿತು, ಐದೂ ತಲೆ ಮುಳುಗಿದವು. ಮತ್ತೆ ಏಳಲಿಲ್ಲ. ಹಾಳು ಬಾಯಿ! ಒಂದೇ ಬೆಳಗಿನಲ್ಲಿ ಎರಡನೇ ಸಲ. ನನಗೆ ಅಳು ಬಂತು, ಅತ್ತುಬಿಟ್ಟೆ.

"ಹೋಗ್ಲಿ ಬಿಡಿ ಅಮ್ಮ, ಕಂಡ್ವಲ್ಲ" ಅಂದಳು ಯಲ್ಲಕ್ಕ. ಕಡುಬಿನ ಕಟ್ಟು ಬಿಚ್ಚಿ, ಸ್ವಲ್ಪ ಹೊತ್ತು ಅನುಮಾನಿಸಿ, "ನೀವು ತಿಂತೀರಾ?" ಅಂತ ಕೇಳಿದಳು. ಅವಳು ಅನುಮಾನಿಸಿದ್ದು ಯಾಕೆ ಅಂತ ನನಗೆ ಗೊತ್ತು. ನಮ್ಮ ಮನೆಯಲ್ಲಿ ಅವಳ ಚಾ ಲೋಟ ಹಿತ್ತಲ ಗೋಡೆಯ ಗೂಡಿನಲ್ಲಿ ಬೇರೆಯೇ ಇರುತ್ತದೆ. ನಾನು ತಿಂದೆ. ರುಚಿಯಾಗಿತ್ತು. ಮನೆಗೆ ಬಂದು ಯಾರಿಗೂ ಹೇಳಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳೇ ಮಾತಾಡಿದಳು. ನೆಮ್ಮಾರಿನ ಹತ್ತಿರ ತುಂಗೆ ಮಳೆಗಾಲದಲ್ಲಿ ಕೆಂಪಾಗಿ ಬರುವುದನ್ನು ಒಂದು ದಿನ ಪೂರ್ತಿ ನಿಂತು ನೋಡಿದ್ದಳಂತೆ. "ಶೃಂಗೇರಿಗೆ ಹೋಗಿದ್ದೆ ಅಮ್ಮ, ಹೊಳೆ ಮೀನು ನೋಡ್ತಾ ಕೂತು ಅಮ್ಮನೋರಿಗೆ ಕೈ ಮುಗಿಯದೇ ಮರ್ತು ಬಂದೆ. ತಪ್ಪಾಯ್ತೇನೋ" ಅಂದಳು. ನಾನೂ ಆ ಹೊತ್ತಿಗೆ ಒಂದು ಮಾತು ಹೇಳಬೇಕಿತ್ತು. ‘ತಪ್ಪಾಯ್ತು ಯಲ್ಲಕ್ಕ’ ಅಂತ. ಗಂಟಲವರೆಗೆ ಬಂತು. ಸುತ್ತ ಜನ ಇದ್ದರು. ಬಯ್ಯುವಾಗಲೂ ಸುತ್ತ ಜನ ಇದ್ದರು, ಆಗ ಅಡ್ಡಿಯಾಗಿರಲಿಲ್ಲ.

ಮರುದಿನ ಯಲ್ಲಕ್ಕ ಎಂದಿನಂತೆ ಕೆಲಸಕ್ಕೆ ಬಂದಳು. ಎಲ್ಲ ಸರಿಹೋಯಿತು ಅಂದುಕೊಂಡೆ. ಹದಿನೈದು ದಿನ ಕಳೆದ ಮೇಲೆ ಸಂಜೆ ಹಿತ್ತಲಲ್ಲಿ ನಿಂತು, "ನಾಳೆ ಬರಲ್ಲ ಅಮ್ಮ. ಹಲ್ಲುನೋವು. ಡಾಕ್ಟ್ರ ಹತ್ರ ಹೋಗ್ಬೇಕು" ಅಂದಳು. ಒಣಗಿದ ಅಡಿಕೆಯನ್ನು ಕಟ್ಟನೆ ಕಡಿಯುವ ಹಲ್ಲು ಅವಳದು. ಇನ್ನೊಂದು ಸಲ, ಮಲ್ಲಿಕಾಗೆ ಹುಷಾರಿಲ್ಲ. ಅದಾದ ಮೇಲೆ ರೇಷನ್ ಕಾರ್ಡು, ಬ್ಯಾಂಕು. ಪ್ರತಿ ಸಲವೂ ಒಂದು ಕಾರಣ, ಪ್ರತಿ ಸಲವೂ ನೆಲ ನೋಡಿಕೊಂಡು. ಹೇಳಲು ಕಷ್ಟಪಡುತ್ತಾಳೆ, ಅಭ್ಯಾಸವಿಲ್ಲ ಅವಳಿಗೆ. "ಹೋಗಿ ಬಾ" ಅನ್ನುತ್ತೇನೆ, ಒಳಗೆ ಬಂದು ಸುಮ್ಮನೆ ಕೂತುಬಿಡುತ್ತೇನೆ.

ಹೋದ ವಾರ ತಡೆಯಲಿಕ್ಕಾಗಲಿಲ್ಲ. ನಾದಿನಿಯ ಮನೆಗೆ ಹೋಗಬೇಕು ಅಂತ ಶುರುಮಾಡಿದ್ದಳು, ನಾನು ಅರ್ಧಕ್ಕೇ ತಡೆದೆ.

"ಯಲ್ಲಕ್ಕ, ನನ್ನ ಹತ್ರ ಕಾರಣ ಹೇಳ್ಬೇಡ ಮಾರಾಯ್ತಿ. ಅವತ್ತು ನಂದು ತಪ್ಪಾಯ್ತು. ಸುಮ್ನೆ ಹೋಗ್ಬರ್ತೀನಿ ಅನ್ನು, ನಂಗೆ ಅಷ್ಟೇ ಸಾಕು."

ಅವಳು ಲೋಟ ತೊಳೆದು ಮುಗಿಸಿ, ಗೂಡಿನಲ್ಲಿ ಕವುಚಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು. ಸಿಟ್ಟಿಲ್ಲ, ಕೊಂಕಿಲ್ಲ, ನನಗೇ ತಿಳಿಸಿ ಹೇಳುವಂತೆ ಅಂದಳು:

"ಸುಮ್ನೆ ಯಾರು ಹೋಗ್ತಾರೆ ಅಮ್ಮ?"