ಬರೆಯದೆ ಬಿಟ್ಟ ಸಾಲು

ಕಾಕಾನ ಎಡಗೈ ಹೆಬ್ಬೆರಳಿನ ಉಗುರು ಅರ್ಧ ಇಂಚು ಬೆಳೆದಿತ್ತು. ಚೌಕುಳಿ ಕಾಗದದ ಮೇಲೆ ಸೀರೆಯ ಅಂಚು ಬರೆಯುವಾಗ ಆ ಉಗುರನ್ನು ಚೌಕದಿಂದ ಚೌಕಕ್ಕೆ ಸರಿಸುತ್ತ ಎಣಿಸುತ್ತಿದ್ದರು. ಯಾರಾದರೂ ಬಂದರೆ ಮೊದಲು ಕಾಗದ ಮುಚ್ಚುವುದು, ಆಮೇಲೆ "ಬರ್ರಿ" ಅನ್ನುವುದು.

ಅವರು ನನ್ನ ರಕ್ತಸಂಬಂಧಿಯಲ್ಲ. ನಾರಾಯಣಪೇಟೆಯಲ್ಲಿ ನಮ್ಮ ಓಣಿಯವರು, ನನಗೆ ಅಂಚಿನ ನಕ್ಷೆ ಬರೆಯಲು ಕಲಿಸಿದವರು. ಒಮ್ಮೆ ಅವರ ಸೀರೆ ಮಗ್ಗದಿಂದ ಇಳಿಯುವ ಮೊದಲೇ ಅದೇ ಅಂಚಿನ ಸೀರೆ ಗದ್ವಾಲದ ಅಂಗಡಿಯೊಂದರಲ್ಲಿ ತೂಗಾಡುತ್ತಿತ್ತಂತೆ. ಅಂದಿನಿಂದ ಪ್ರತಿ ನಕ್ಷೆಯಲ್ಲೂ ಒಂದು ಸಾಲು ಬಿಟ್ಟೇ ಬರೆಯುತ್ತಿದ್ದರು. ಬಿಟ್ಟದ್ದನ್ನು ನೇಕಾರನಿಗೆ ಬಾಯಿಮಾತಿನಲ್ಲಿ ಹೇಳುತ್ತಿದ್ದರು.

ರಾಯಚೂರಿನಿಂದ ಕೀಬೋರ್ಡ್ ಇರುವ ಟಿವಿ ಗೇಮ್ ಒಂದನ್ನು ತಂದಿದ್ದರು. ಅದರ ಜೊತೆ ಬಂದ ಕ್ಯಾಸೆಟ್ ಹಾಕಿ, ಅಂಕಿ ಕೊಟ್ಟು ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ನಾವೇ ಆಟ ಕಟ್ಟಬಹುದಿತ್ತು. ಉಳಿಸಿಡುವ ಸೌಕರ್ಯ ಇರಲಿಲ್ಲ. ಕರೆಂಟು ಹೋದರೆ ಆಟವೂ ಹೋಯಿತು. ಹಾಗಾಗಿ ತಾವು ಕಟ್ಟಿದ ಆರು ಆಟಗಳನ್ನು ಕಾಕಾ ಚೌಕುಳಿ ಪುಸ್ತಕದಲ್ಲಿ ಬರೆದಿಟ್ಟು, ಬೇಕೆನಿಸಿದಾಗ ಮತ್ತೆ ಟೈಪ್ ಮಾಡುತ್ತಿದ್ದರು. ಅಲ್ಲೂ ಆಟಕ್ಕೊಂದು ಸಾಲು ಬಿಟ್ಟಿದ್ದರು. ಅದಿಲ್ಲದೆ ಆಟ ನಡೆಯದು.

"ಕಾಕಾ, ಇದನ್ನ ಯಾರ ಕದೀತಾರ್ರಿ?"

"ಸೀರಿ ಯಾರ ಕದೀತಾರಂತ ನಾನೂ ಅಂದಿದ್ನೆವಾ."

ಆ ಸಾಲು ಟೈಪ್ ಮಾಡುವಾಗ ನನ್ನನ್ನು ಮನೆಗೆ, ಕಾಕಿಯನ್ನು ಅಂಗಳಕ್ಕೆ ಕಳಿಸುತ್ತಿದ್ದರು. ಆಮೇಲೆ ಕರೆದು ಆಡಿಸುತ್ತಿದ್ದರು.

ತೆಲಂಗಾಣ ಆದ ದಿನ ಓಣಿಯವರು ಪೇಡೆ ಹಂಚಿದರು. ಕಾಕಾ ಮೂಸಿ ನೋಡಿದರು.

"ಪೇಡೇನಽ ಐತ್ರಿ ಕಾಕಾ, ಜಹರ್ ಅಲ್ಲ," ಎಂದೆ.

"ರಾಜ್ಯ ಹೊಸಾದಾತು. ಕರೆಂಟ ಅದಽ ಐತಲ್ಲ?"

ಆ ವರ್ಷವೇ ಹಾಸಿಗೆ ಹಿಡಿದರು. ಆಟಗಳು ಅವರ ಜೊತೆಗೇ ಹೋಗುತ್ತವೆಂದು ಹೆದರಿ ಬಿಟ್ಟ ಸಾಲುಗಳನ್ನು ಕೇಳಿದೆ. ಕಾಕಿಯನ್ನು ಹೊರಗೆ ಕಳಿಸಿ ಎರಡು ಹೇಳಿದರು. ಆಮೇಲೆ ನನ್ನ ಪೆನ್ನನ್ನೇ ನೋಡಿದರು.

"ಇದನ್ನೆಲ್ಲ ಯಾರಿಗೆ ಕೊಡಾಕ ಬರ್ಕೊಳ್ಳಾಕತ್ತೀಯವಾ?"

"ಯಾರಿಗೂ ಅಲ್ರಿ. ಉಳೀಲಿ ಅಂತ."

ಗೋಡೆಯ ಕಡೆ ಹೊರಳಿದರು. ನಾಲ್ಕು ದಿನಕ್ಕೆ ತೀರಿಕೊಂಡರು. ಮಣ್ಣು ಕೊಟ್ಟು ಬಂದ ಮೇಲೂ, ನನ್ನಲ್ಲಿ ಅವರಿಗೆ ಕಳ್ಳಿ ಕಂಡಳೇ ಎಂಬುದು ನನ್ನನ್ನು ಬಿಡಲಿಲ್ಲ.

ಕೆಲವು ದಿನಗಳ ನಂತರ ಪುಸ್ತಕ ಹಿಡಿದು ಕೂತು, ಮೂರನೆಯ ಆಟವನ್ನು ಗಟ್ಟಿಯಾಗಿ ಓದುತ್ತ ಬಿಟ್ಟ ಸಾಲಿನ ಹತ್ತಿರ ನಿಂತೆ. ನೂಲಿನ ಕಂಡಿಕೆ ಸುತ್ತುತ್ತಿದ್ದ ಕಾಕಿ, "ಮುಂದಿಂದು ಬೇಕೇನು?" ಎಂದು ಅಂಕಿ, ಅಕ್ಷರಗಳನ್ನು ಒಂದೊಂದಾಗಿ ಹೇಳತೊಡಗಿದರು. ಈಗ ಸಂಶಯ ನನ್ನದು.

"ಕದ್ದು ಓದಿದ್ರೇನ್ರಿ ಕಾಕಿ?"

"ನನಗ ಓದಾಕ ಎಲ್ಲಿ ಬರ್ತೈತಿ! ನೇಕಾರಗ ಹೇಳಿ ಹೇಳಿ ರೂಢಿ ಆಗಿತ್ತು ಅವ್ರಿಗೆ. ಕೈ ಆಡಿದ್ರ ಬಾಯೂ ಆಡ್ತಿತ್ತು. ಬಾಗಲಾ ಹಾಕ್ಕೊಂಡು ಅಂಗಳಕ್ಕೆಲ್ಲ ಕೇಳಂಗ ಒದರ್ತಿದ್ರು. ದಿನಾ ಕೇಳಿದ್ರ ಬಾಯಿಪಾಠ ಆಗಂಗಿಲ್ಲೇನು?"

ನಕ್ಕೆವು. ಆಮೇಲೆ ಇಬ್ಬರೂ ಅತ್ತೆವು.

ಕಾಕಾ ಹೇಳಿದ ಎರಡು, ಕಾಕಿ ಹೇಳಿದ ಮೂರು, ಹೀಗೆ ಐದು ಆಟ ಉಳಿದವು. ಸಾಲುಗಳನ್ನು ಸೇರಿಸಿ ಪುಟಗಳ ಫೋಟೋ ತೆಗೆದಿಟ್ಟಿದ್ದೇನೆ, ಕೇಳಿದವರಿಗೆ ಕೊಡುತ್ತೇನೆ. ಆರನೆಯದು ದಾಳಿಂಬೆ ಗಿಡಕ್ಕೆ ಗಿಳಿ ಹಾರುವ ಆಟ. ಕಾಕಿ ತವರಿಗೆಂದು ಮಕ್ತಲ್‌ಗೆ ಹೋಗಿದ್ದಾಗ, ಕಾಕಾ ಅದನ್ನು ಒಮ್ಮೆ ಮಾತ್ರ ನನಗೆ ತೋರಿಸಿದ್ದರು. ಅದರ ಸಾಲು ಯಾರಿಗೂ ಗೊತ್ತಿಲ್ಲ. ಅವರು ಕಲಿಸಿದ ಬುದ್ಧಿಯಿಂದಲೇ ಊಹಿಸಿ ನಾನೊಂದು ಹಾಕಿದೆ. ಗಿಳಿ ಹಾರಿತು. ಆದರೆ ಅವರ ಗಿಳಿ ಕೊಂಬೆ ಮುಟ್ಟುವ ಮೊದಲು ಒಮ್ಮೆ ಹಿಂದಿರುಗಿ ನೋಡುತ್ತಿತ್ತು. ನನ್ನದು ನೆಟ್ಟಗೆ ಹೋಗಿ ಕೂತಿತು. ನನ್ನ ಸಾಲನ್ನು ಅಳಿಸಿ ಆ ಜಾಗ ಖಾಲಿ ಬಿಟ್ಟೆ.