ಗಣಿಕೆಯ ಪಕ್ಕ ಬರೆದಿಟ್ಟ ಹೆಸರು

ಸಾಗರದ ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರದ ಮೇಡಂ. ಬೇಸಿಗೆ ರಜೆಯಲ್ಲಿ ಹೊಸನಗರದ ತಂಗಿ ಮನೆಗೆ ಹೋದಾಗ ಅವಳ ಹಿತ್ತಲಿನ ಗಿಡಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಬಂದಿದ್ದೆ. ಗಣಿಕೆ ಸೊಪ್ಪಿನ ಪಕ್ಕ ಬರೆದದ್ದು ಹೀಗೆ: ‘ಸ್ಟ್ರಿಕ್ನೋಸ್. ಗ್ರೀಕರು ಗಣಿಕೆ ಜಾತಿಯ ಗಿಡಗಳನ್ನು ಕರೆಯುತ್ತಿದ್ದ ಹೆಸರು. ಲ್ಯಾಟಿನ್ನಿಗೆ ಬಂದಮೇಲೆ ಕಾಸರಕದ ಮರಕ್ಕೆ ಹೋಯಿತು. ಕೊನೆಯ “ಓಸ್” ಪುಲ್ಲಿಂಗದಂತೆ ಕಂಡರೂ ಪದ ಸ್ತ್ರೀಲಿಂಗ. ಜೊತೆಗೆ ಬರುವ ವಿಶೇಷಣವೂ ಹಾಗೇ ಇರಬೇಕು.’

ಮಳೆ ಶುರುವಾದ ಮೇಲೆ ಒಂದು ಮಧ್ಯಾಹ್ನ ತಂಗಿಯ ಫೋನ್ ಬಂತು. ಅಳುತ್ತಿದ್ದಳು.

“ಅಕ್ಕಾ, ಪಾಪು ಹಿತ್ತಲಲ್ಲಿ ಗಣಿಕೆ ಹಣ್ಣು ತಿಂದು ವಾಂತಿ ಮಾಡ್ಕೊಂಡ್ಳು. ನೀನು ಬರೆದ ಹೆಸರು ಮೊಬೈಲಲ್ಲಿ ಹಾಕಿದ್ರೆ ಜೀವ ತೆಗೆಯೋ ವಿಷ ಅಂತ ಬರ್ತಿದೆ!”

ಪಾಪು ಅವಳ ಮಗಳು, ಇನ್ನೂ ನಾಲ್ಕು ವರ್ಷ.

“ಅದು ಕಾಸರಕ ಅನ್ನೋ ವಿಷದ ಮರದ ಹೆಸರು ಕಣೇ. ಹಣ್ಣು ಎಷ್ಟು ದೊಡ್ಡದು?”

“ಮೆಣಸಿನ ಕಾಳಷ್ಟು. ಕಪ್ಪು.”

ಕಾಸರಕದ ಹಣ್ಣು ಸಣ್ಣ ಕಿತ್ತಳೆಯಷ್ಟಿರುತ್ತದೆ. ಆದರೂ ಧೈರ್ಯ ಬರಲಿಲ್ಲ. ಗಣಿಕೆಯ ಹಸಿರು ಕಾಯಿ ಒಳ್ಳೆಯದಲ್ಲ, ಮಗು ಅದನ್ನೂ ತಿಂದಿರಬಹುದು. “ಒಂದು ಕೊಂಬೆ ಮುರ್ಕೊಂಡು ಈಗಲೇ ಆಸ್ಪತ್ರೆಗೆ ಹೋಗು” ಅಂದೆ.

ನಾನು ಸಿಕ್ಕ ಬಸ್ಸು ಹತ್ತಿದೆ. ದಾರಿಯಲ್ಲಿ ಮತ್ತೆ ಫೋನ್. ಈ ಸಲ ತಂಗಿಯ ಫೋನಿನಲ್ಲಿ ಡಾಕ್ಟರು.

“ನಿಮ್ಮ ತಂಗಿ ಸ್ಟ್ರಿಕ್ನೋಸ್ ಅಂತಿದ್ದಾರೆ. ಕಾಸರಕದ ಬೀಜ ಏನಾದರೂ...?”

“ಇಲ್ಲ ಸಾರ್, ಗಣಿಕೆ. ಆ ಹೆಸರು ಗ್ರೀಕ್‌ನಲ್ಲಿ...” ಸಿಗ್ನಲ್ ಹೋಯಿತು.

ಮುಂದಿನ ಒಂದು ಗಂಟೆ ಯಾರಿಗೂ ಫೋನ್ ಸಿಗಲಿಲ್ಲ. ಅರ್ಧ ಮಾತು ಕೇಳಿಸಿಕೊಂಡ ಡಾಕ್ಟರು ಏನು ತಿಳಿದುಕೊಂಡರೋ, ಮಗುವಿಗೆ ಯಾವ ಔಷಧಿ ಕೊಡುತ್ತಾರೋ. ಮುಂದಿನ ಸೀಟಿನ ಕಂಬಿ ಹಿಡಿದ ಕೈ ಬಿಡಲೇ ಇಲ್ಲ.

ಆಸ್ಪತ್ರೆಗೆ ಓಡಿದಾಗ ಮಗು ಮಂಚದ ಮೇಲೆ ಕೂತು ಬಿಸ್ಕತ್ತು ಕೇಳುತ್ತಿದ್ದಳು. ಡಾಕ್ಟರು ಹೆಸರು ಬಿಟ್ಟು ಕೊಂಬೆಯನ್ನೇ ನೋಡಿದ್ದರು. ಹಸಿರು ಕಾಯಿ ಹೊಟ್ಟೆ ಕೆಡಿಸಿದೆ, ಸಂಜೆವರೆಗೆ ಇಲ್ಲೇ ಇರಲಿ ಅಂದರಂತೆ.

ತಂಗಿ ನನ್ನ ಮುಖ ನೋಡಲಿಲ್ಲ.

“ಗಣಿಕೆ ಪಕ್ಕ ಗಣಿಕೆ ಹೆಸರು ಬರೀಬಾರ್ದಿತ್ತಾ ಅಕ್ಕಾ?” ಅಂದಳು.

ಬರೆಯಬಹುದಿತ್ತು. ಪದದ ಕಥೆ ಸಿಕ್ಕ ಖುಷಿಯಲ್ಲಿ ಗಿಡದ ಈಗಿನ ಹೆಸರನ್ನೇ ಬಿಟ್ಟಿದ್ದೆ. ತಪ್ಪಾಯ್ತು ಅಂದೆ. ಅವಳು ಮಗುವಿನ ಬಾಯಿ ಒರೆಸಿದಳು.